ಪರದೆಯ ಹಿಂದಿನ ಕುರ್ಚಿ

ಶಿಡ್ಲಘಟ್ಟದ ಉರ್ದು ಶಾಲೆಯ ಒಂದು ಕೋಣೆಯ ಮೂಲೆಯಲ್ಲಿ, ಕಿಟಕಿ ಸರಳಿನಿಂದ ಬಾಗಿಲ ಚಿಲಕದವರೆಗೆ ಹಗ್ಗ ಕಟ್ಟಿ, ಹೂವಿನ ಚಿತ್ತಾರದ ಹಳೆಯ ಬೆಡ್‌ಶೀಟೊಂದನ್ನು ಇಳಿಬಿಟ್ಟಿದ್ದರು. ಅದರ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ. ಲೋಕಸಭೆ ಚುನಾವಣೆಯ ಆ ಶುಕ್ರವಾರ ಬೆಳಗಿನಿಂದ ಮುಸರ್ರತ್ ಅಲ್ಲೇ ಕೂತಿದ್ದಳು.

ಅವಳ ಕೆಲಸವೇನೂ ದೊಡ್ಡದಲ್ಲ. ನಕಾಬು ಹಾಕಿಕೊಂಡು ಓಟು ಹಾಕಲು ಬಂದ ಹೆಂಗಸರು ಒಬ್ಬೊಬ್ಬರಾಗಿ ಪರದೆಯ ಒಳಗೆ ಬರುತ್ತಾರೆ. ಮುಖದ ಮೇಲಿನ ಬಟ್ಟೆ ಎತ್ತುತ್ತಾರೆ. ಮುಸರ್ರತ್ ಗುರುತಿನ ಚೀಟಿಯ ಫೋಟೊ ನೋಡಿ, ಮುಖ ನೋಡಿ, ಹೊರಗೆ ಮೇಜಿನ ಮುಂದೆ ಕೂತವರಿಗೆ ಕೇಳುವ ಹಾಗೆ "ಸರಿ" ಅನ್ನಬೇಕು. ಆಮೇಲೆ ಅವರು ಬಟ್ಟೆ ಇಳಿಸಿಕೊಂಡು ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಳ್ಳುತ್ತಾರೆ. ಉಳಿದ ದಿನಗಳಲ್ಲಿ ಅವಳು ಅದೇ ಮೊಹಲ್ಲಾದ ಅಂಗನವಾಡಿಯ ಸಹಾಯಕಿ. ಮಕ್ಕಳ ಮೂಗು ಒರೆಸಿ, ಉಪ್ಪಿಟ್ಟು ಬಡಿಸಿ, ಕೋಣೆ ಗುಡಿಸಿ ಮನೆಗೆ ಹೋಗುವವಳು. ಚುನಾವಣೆ ಬಂದಾಗ ಮಾತ್ರ ಸರ್ಕಾರ ಅವಳ ಕಣ್ಣನ್ನು ನಂಬುತ್ತಿತ್ತು.

ಐವತ್ತರ ಹತ್ತಿರ ಬಂದಿದ್ದ ಅವಳ ಬದುಕಿನಲ್ಲಿ ಬೇರೆ ಯಾರೂ ಅವಳಿಂದ ಏನನ್ನೂ ಕೇಳಿ ತಿಳಿದುಕೊಳ್ಳುತ್ತಿರಲಿಲ್ಲ. ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ತಮ್ಮ ಪರ್ವೇಜ್ ಚಿಂತಾಮಣಿಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡು ತನ್ನ ಸಂಸಾರದಲ್ಲಿ ಮುಳುಗಿದ್ದ. ಈದ್‌ಗೆ ಒಂದು ಫೋನು ಮಾಡಿದರೆ ಅದೇ ಹೆಚ್ಚು. ಹಾಗಾಗಿ ಬಾಡಿಗೆಯ ಒಂದು ಕೋಣೆಯಲ್ಲಿ, ಒಬ್ಬಳಿಗೆ ಬೇಕಾದಷ್ಟು ಅನ್ನ ಮಾಡಿಕೊಂಡು, ಟಿವಿಯ ಸದ್ದನ್ನೇ ಜೊತೆ ಅಂದುಕೊಂಡು ಇದ್ದಳು.

"ಏನೇ ಮುಸರ್ರತ್, ಸರಿಯಾಗಿ ನೋಡ್ಕೊಳ್ಳಮ್ಮ. ಆಮೇಲೆ ನಾನು ನಾನಲ್ಲ ಅಂದ್ಬಿಟ್ಟೀಯ!" ಎಂದಳು ಮುಖದ ಬಟ್ಟೆ ಎತ್ತಿದ ಮುದುಕಿಯೊಬ್ಬಳು. ಬಾಯಲ್ಲಿ ಎಲೆ ಅಡಿಕೆ ತುಂಬಿತ್ತು.

ಪರದೆಯ ಆಚೆ ಸಾಲಿನಲ್ಲಿ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಯಾರೋ, "ಅಮ್ಮಾ, ನಿಮ್ಮನ್ನ ಬಿಟ್ಬಿಡ್ತಾರೆ. ನಿಮ್ಮಂಥ ಮುಖ ಇನ್ನೊಂದು ಎಲ್ಲಿಂದ ತರೋದು?" ಎಂದರು. ಮತ್ತೆ ನಗು.

"ಸರಿ," ಎಂದಳು ಮುಸರ್ರತ್. ಅವಳೂ ನಕ್ಕಳು, ತುಟಿ ಮಾತ್ರ.

ಆ ಮುದುಕಿಯ ಮಾತಿನ ಚುಚ್ಚು ಯಾವುದಕ್ಕೆ ಅಂತ ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಇಂಥದ್ದೇ ಪರದೆಯ ಹಿಂದೆ ನಡೆದದ್ದನ್ನು ಆ ಮೊಹಲ್ಲಾ ಮರೆತಿರಲಿಲ್ಲ.

ಶಕೀಲಾ ಮತ್ತು ಮುಸರ್ರತ್ ಒಟ್ಟಿಗೆ ಬೆಳೆದವರು. ಹರೆಯಕ್ಕೆ ಬರುವ ಮೊದಲೇ ಇಬ್ಬರೂ ಒಂದೇ ಬಿಚ್ಚಾಣಿಕೆ ಮನೆಯಲ್ಲಿ ಪಕ್ಕಪಕ್ಕ ಕೂತು, ಕುದಿನೀರಲ್ಲಿ ಬೇಯುವ ರೇಷ್ಮೆಗೂಡಿನಿಂದ ಎಳೆ ಹುಡುಕುತ್ತಿದ್ದರು. ಬಿಸಿನೀರಲ್ಲಿ ನೆನೆದು ಬಿಳುಚಿದ ಬೆರಳುಗಳನ್ನು ಒಬ್ಬರದ್ದೊಬ್ಬರು ಹಿಡಿದು ನೋಡಿ, ಯಾರದ್ದು ಹೆಚ್ಚು ಸುಕ್ಕಾಗಿದೆ ಅಂತ ಪಂಥ ಕಟ್ಟುತ್ತಿದ್ದರು. ಶಕೀಲಾಳನ್ನು ಅದೇ ಬೀದಿಯ ತಬ್ರೇಜ್‌ಗೆ ಕೊಟ್ಟಾಗ ಅವಳ ಕೈಗೆ ಮೆಹಂದಿ ಹಚ್ಚಿದವಳು ಮುಸರ್ರತ್. ಮುಸರ್ರತ್‌ಳ ಗಂಡ ಹೋದಾಗ ನಲವತ್ತು ದಿನವೂ ರಾತ್ರಿ ಬಂದು ಪಕ್ಕದಲ್ಲಿ ಮಲಗಿದವಳು ಶಕೀಲಾ.

ಆ ಚುನಾವಣೆಯ ಹೊತ್ತಿಗೆ ಶಕೀಲಾಳ ಓರಗಿತ್ತಿ ಬಾಣಂತಿ. ನಲವತ್ತು ದಿನ ಹೊಸ್ತಿಲು ದಾಟುವ ಹಾಗಿಲ್ಲ. ಮನೆಯ ಗಂಡಸರು, ಅವಳ ಓಟು ಯಾಕೆ ಹಾಳಾಗಬೇಕು, ನೀನೇ ಹಾಕಿಬಿಡು ಎಂದಿದ್ದರು. ಶಕೀಲಾಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನ್ಯಾಯಬೆಲೆ ಅಂಗಡಿಯಿಂದ ಇಡೀ ಮನೆಯವರ ಅಕ್ಕಿಯನ್ನು ಬಿಡುವಿದ್ದವರು ಯಾರೋ ಒಬ್ಬರು ಹೋಗಿ ತರುವುದಿಲ್ಲವೇ? ಬೆಳಿಗ್ಗೆ ಅವಳದ್ದು ಹಾಕುವುದು, ಸಂಜೆ ಬಂದು ತನ್ನದು ಹಾಕುವುದು, ಅಷ್ಟೇ. ಬೆರಳಿನ ಶಾಯಿಯ ಯೋಚನೆಯೂ ಅವಳಿಗೆ ಬರಲಿಲ್ಲ. ಪರದೆಯ ಹಿಂದೆ ಕೂತಿರುವವಳು ಮುಸರ್ರತ್ ಎಂದು ತಿಳಿದ ಮೇಲಂತೂ ಹೆದರಿಕೆಯೇ ಇರಲಿಲ್ಲ. ಒಳಗೆ ಬಂದು, ಮುಖದ ಬಟ್ಟೆ ಎತ್ತಿ, ಓರಗಿತ್ತಿಯ ಚೀಟಿಯನ್ನು ಮುಂದೆ ಹಿಡಿದು, ಒಂದು ಕಣ್ಣು ಮಿಟುಕಿಸಿದಳು.

ಮುಸರ್ರತ್‌ಗೆ ಅದು ಮೊದಲ ಸಲದ ಕೆಲಸ. ಹಿಂದಿನ ದಿನವಷ್ಟೇ ಅಧಿಕಾರಿಗಳು, ನಿನ್ನನ್ನು ನಂಬಿ ಕೂರಿಸಿದ್ದೇವೆ, ಒಂದು ಮುಖ ತಪ್ಪಿದರೂ ನಿನ್ನ ತಲೆಯ ಮೇಲೆ ಬರುತ್ತದೆ ಎಂದು ಹೇಳಿದ್ದರು. ಹೆದರಿಕೆಯಿಂದಲೋ, ಆ ನಂಬಿಕೆಯ ಹೆಮ್ಮೆಯಿಂದಲೋ, ಅವಳ ಬಾಯಿಂದ ಬಂದದ್ದು ಒಂದೇ ಮಾತು: "ಇವರು ಅವರಲ್ಲ ಸಾರ್."

ಅಷ್ಟೇ ಸಾಕಾಯಿತು. ಆಚೆ ಕೂತಿದ್ದ ಪಕ್ಷಗಳ ಏಜೆಂಟರು ಎದ್ದು ಕೂಗಾಡಿದರು. ಯಾರೋ ಪರದೆ ಸರಿಸಿದರು. ಪೊಲೀಸಿನವನು ಬಂದ. ಗಾಬರಿಯಲ್ಲಿ ಶಕೀಲಾಳಿಗೆ ಮುಖದ ಬಟ್ಟೆ ಇಳಿಸಿಕೊಳ್ಳಲೂ ತೋಚಲಿಲ್ಲ. ಶಾಲೆಯ ಅಂಗಳದಲ್ಲಿ, ಗಂಡಸರ ಸಾಲಿನ ಎದುರು, ಬರಿಮುಖದಲ್ಲಿ ನಿಂತುಬಿಟ್ಟಳು. ಅಧಿಕಾರಿ ನಾಲ್ಕು ಮಾತು ಬೈದು ಕಳಿಸಿದರು, ಕೇಸು ಹಾಕಲಿಲ್ಲ. ಆದರೆ ಆ ಅಂಗಳ ದಾಟಿ ಮನೆ ಸೇರಿದ ಶಕೀಲಾ ಅವತ್ತಿನಿಂದ ಮುಸರ್ರತ್‌ಳ ಜೊತೆ ಒಂದು ಮಾತೂ ಆಡಲಿಲ್ಲ. ಅವಳ ಹಿಂದೆ ಬೀದಿಯ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ದೂರವಾದರು. ಜಗಳವಾಡಲಿಲ್ಲ, ಬೈಯಲಿಲ್ಲ. ಮೆಹಂದಿಗೆ ಕರೆಯುವುದು ನಿಂತಿತು. ಹಾಲಿನ ಅಂಗಡಿಯಲ್ಲಿ ಇವಳು ಬಂದರೆ ಮಾತು ನಿಲ್ಲುತ್ತಿತ್ತು.

ತಾನು ಮಾಡಿದ್ದು ಸರಿಯೇ ಎಂದು ಮುಸರ್ರತ್‌ಗೆ ಗೊತ್ತಿತ್ತು. ಸರಿ ಮಾಡಿದವರಿಗೆ ಯಾಕೆ ಹೀಗೆ ಊಟ ಸೇರುವುದಿಲ್ಲ ಅನ್ನುವುದು ಮಾತ್ರ ಗೊತ್ತಾಗಲಿಲ್ಲ.

ಆಮೇಲಿನ ಪ್ರತಿ ಚುನಾವಣೆಯಲ್ಲೂ, ನಗರಸಭೆಗಾಗಲಿ ವಿಧಾನಸಭೆಗಾಗಲಿ, ಅವಳು ಈ ಕೆಲಸ ಬೇಡ ಎನ್ನಲಿಲ್ಲ. ಕಾರಣ ಯಾರಿಗೂ ಹೇಳಿರಲಿಲ್ಲ. ಬೀದಿಯಲ್ಲಿ ಶಕೀಲಾ ನಕಾಬಿನೊಳಗೆ ಮುಖ ಮರೆಸಿಕೊಂಡು ಹೋಗಿಬಿಡುತ್ತಾಳೆ. ಕಣ್ಣು ಸಹ ಎತ್ತುವುದಿಲ್ಲ. ಇಲ್ಲಿ ಮಾತ್ರ ಅವಳು ಬಟ್ಟೆ ಎತ್ತಲೇಬೇಕು. ಇವಳ ಎದುರು ಒಂದು ಗಳಿಗೆ ನಿಲ್ಲಲೇಬೇಕು. ಆ ಒಂದು ಗಳಿಗೆ ಸಾಕು, ಏನು ಹೇಳಬೇಕೋ ಆಗ ಹೊಳೆಯುತ್ತದೆ ಎಂದು ಮುಸರ್ರತ್ ನಂಬಿದ್ದಳು. ಆದರೆ ಶಕೀಲಾ ಬರುತ್ತಿರಲಿಲ್ಲ. ಬಿಚ್ಚಾಣಿಕೆಯ ಕೆಲಸದಲ್ಲಿ ಬಿಡುವಾಗಿರಲಿಕ್ಕಿಲ್ಲ, ತಬ್ರೇಜ್ ಕಳಿಸಿರಲಿಕ್ಕಿಲ್ಲ, ಮೈಗೆ ಹುಷಾರಿಲ್ಲದಿರಬಹುದು ಅಂತ ಪ್ರತಿ ಸಲ ಒಂದೊಂದು ಕಾರಣ ಕೊಟ್ಟುಕೊಂಡು, ಸಂಜೆ ಬಾಗಿಲು ಹಾಕುವಾಗ ಎದ್ದು ಮನೆಗೆ ಹೋಗುತ್ತಿದ್ದಳು.

ಈ ಸಲವೂ ಮಧ್ಯಾಹ್ನವಾಯಿತು. ಗಂಡಸರು ಜುಮ್ಮಾ ನಮಾಜಿಗೆ ಹೋದರು, ಸಾಲು ತೆಳುವಾಯಿತು. ಏಪ್ರಿಲ್ ಬಿಸಿಲು ಹೆಂಚಿನ ಸಂದಿಯಿಂದ ಇಳಿಯುತ್ತಿತ್ತು. ಬೆರಳಿಗೆ ಶಾಯಿ ಹಾಕುವ ತನುಜ ಟೀಚರು ಗೌರಿಬಿದನೂರಿನಿಂದ ಬಂದವರು. ಅರ್ಧ ಮುಚ್ಚಿದ ಕಣ್ಣಿನಲ್ಲಿ ಮತದಾರರ ಪಟ್ಟಿಯಿಂದಲೇ ಗಾಳಿ ಹಾಕಿಕೊಳ್ಳಲು ಹೋಗಿ, ಮತಗಟ್ಟೆಯ ಮುಖ್ಯಾಧಿಕಾರಿ ಗಣೇಶ್ ಪ್ರಸಾದ್ ಅವರಿಂದ ಬೈಸಿಕೊಂಡರು.

"ಮೇಡಂ, ಅದು ಪಟ್ಟಿ. ಬೀಸಣಿಗೆ ಅಲ್ಲ."

"ಗೊತ್ತು ಸಾರ್. ಫ್ಯಾನು ತಿರುಗಿದ್ದಿದ್ರೆ ಪಟ್ಟಿ ಪಟ್ಟಿಯಾಗೇ ಇರ್ತಿತ್ತು," ಎಂದರು ತನುಜ.

ಆಗಲೇ ಸನಾ ಬಂದದ್ದು. ಶಕೀಲಾಳ ಮಗಳು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು, ಇದು ಅವಳ ಮೊದಲ ಓಟು. ಅವಳು ತಲೆಗೆ ಬಟ್ಟೆ ಸುತ್ತಿದ್ದಳೇ ಹೊರತು ಮುಖ ಮುಚ್ಚಿರಲಿಲ್ಲ. ಪರದೆಯ ಹಿಂದೆ ಬರುವ ಅಗತ್ಯವೇ ಇರಲಿಲ್ಲ. ಆದರೂ ಓಟು ಹಾಕಿ ಮುಗಿಸಿ, ಶಾಯಿ ಒಣಗದ ಬೆರಳನ್ನು ಮೇಲೆತ್ತಿಕೊಂಡು, ಹೊರಗೆ ಹೋಗುವ ದಾರಿಯಲ್ಲಿ ಬೆಡ್‌ಶೀಟಿನ ಅಂಚು ಸರಿಸಿ ಇಣುಕಿದಳು.

"ಖಾಲಾ, ಒಂದ್ನಿಮಿಷ."

ಮುಸರ್ರತ್ ತಟ್ಟನೆ ತಲೆ ಎತ್ತಿದಳು. ಆ ಮನೆಯಿಂದ ಅವಳನ್ನು 'ಖಾಲಾ', ಚಿಕ್ಕಮ್ಮ, ಎಂದು ಕರೆಯುವ ಸ್ವರ ಕೇಳಿ ಎಷ್ಟು ಕಾಲವಾಗಿತ್ತು. ಈ ಹುಡುಗಿ ಚಿಕ್ಕವಳಾಗಿದ್ದಾಗ ಇವಳ ತೊಡೆಯ ಮೇಲೇ ಉಂಡವಳು.

"ಓಟು ಹಾಕಿದ್ಯಾ ಬೇಟಾ? ಅಮ್ಮಿ ಬರ್ಲಿಲ್ವಾ?"

"ಬರಲ್ಲ ಖಾಲಾ."

"ಯಾಕೆ? ಮೈ ಹುಷಾರಿಲ್ವಾ?"

ಸನಾ ಶಾಯಿಯ ಬೆರಳನ್ನೇ ನೋಡಿಕೊಂಡು ನಿಂತಳು. "ಚೆನ್ನಾಗಿದಾರೆ. ಬೆಳಿಗ್ಗೆನೇ ಸ್ನಾನ ಮಾಡಿ, ಈದ್‌ನ ಬಟ್ಟೆ ಹಾಕ್ಕೊಂಡು, ಸ್ಲಿಪ್ಪು ಕೈಲಿ ಹಿಡ್ಕೊಂಡು ಕೂತಿದಾರೆ. ಓಟು ಹಾಕ್ದೆ ಇದ್ರೆ ಪಟ್ಟಿಯಿಂದ ಹೆಸರೇ ತೆಗೀತಾರೆ ಅಂತ ಯಾರೋ ಹೇಳಿದಾರಂತೆ. ಹಂಗೆಲ್ಲಾ ಏನಿಲ್ಲ ಅಮ್ಮಿ ಅಂತ ನಾನು ಎಷ್ಟು ಹೇಳಿದ್ರೂ ಅವರಿಗೆ ಭಯ. ನಂಗೂ ಹೋಗ್ಬೇಕು ಅನ್ಸುತ್ತೆ ಅಂತಾರೆ. ಬಾಗಿಲ ತನಕ ಬರ್ತಾರೆ, ಹಿಂದಕ್ಕೆ ಹೋಗ್ತಾರೆ."

"ಮತ್ತೆ ಕರ್ಕೊಂಡು ಬಾರೇ."

"ನೀವು ಇಲ್ಲಿ ಕೂತಿದೀರಲ್ಲ ಖಾಲಾ."

ಮುಸರ್ರತ್‌ಗೆ ಮೊದಲು ಅರ್ಥವಾಗಲಿಲ್ಲ.

"ನಿಮ್ಮೆದುರು ಮುಖ ಎತ್ತಲ್ಲವಂತೆ. ಈ ಒಂದು ವಿಷಯಕ್ಕೇ ಇಷ್ಟು ವರ್ಷ ಓಟು ಹಾಕಿಲ್ಲ. ಪ್ರತಿ ಸಲ ಯಾರನ್ನಾದ್ರೂ ಕಳಿಸಿ ಕೇಳ್ತಾರೆ, ಪರದೆ ಹಿಂದೆ ಯಾರು ಕೂತಿದಾರೆ ನೋಡ್ಕೊಂಡು ಬಾ ಅಂತ. ನೀವೇ ಅಂತ ಗೊತ್ತಾದ ಮೇಲೆ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತಾರೆ. ಇವತ್ತು ನನ್ನನ್ನ ಕಳಿಸಿದಾರೆ." ಅವಳ ಸ್ವರ ತಗ್ಗಿತು. "ನೀವು ಬೇಜಾರು ಮಾಡ್ಕೋಬೇಡಿ. ಹೋಗಿ ಏನು ಹೇಳ್ಲಿ ಅಂತ ಗೊತ್ತಾಗ್ಲಿಲ್ಲ, ಅದಕ್ಕೆ ನಿಮ್ಮನ್ನೇ ಕೇಳಣ ಅಂತ ಬಂದೆ."

ಮುಸರ್ರತ್ ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡು ಕೂತಳು. ಇಷ್ಟು ವರ್ಷ ಇವಳು ಇಲ್ಲಿ ಯಾರಿಗಾಗಿ ಕಾದಳೋ ಆ ಹೆಂಗಸು ಎರಡು ಬೀದಿ ಆಚೆ, ಇವಳು ಎದ್ದು ಹೋಗಲಿ ಎಂದು ಕಾಯುತ್ತಿದ್ದಳು. ಒಬ್ಬಳು ಕೂತದ್ದರಿಂದ ಇನ್ನೊಬ್ಬಳು ಬರಲಿಲ್ಲ; ಅವಳು ಬರಲಿಲ್ಲವೆಂದು ಇವಳು ಮತ್ತೆ ಮತ್ತೆ ಬಂದು ಕೂತಳು. ಹೆಂಗಸರು ಮುಜುಗರವಿಲ್ಲದೆ ಬಂದು ಓಟು ಹಾಕಲೆಂದೇ ಹಾಕಿದ ಕುರ್ಚಿಯಿದು. ಇದರಲ್ಲಿ ಕೂತು ತಾನು ಒಬ್ಬಳ ಓಟನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದಳು.

ಹೊರಗೆ ಗಣೇಶ್ ಪ್ರಸಾದ್ ಯಾರಿಗೋ ಫೋನಿನಲ್ಲಿ ಶೇಕಡಾವಾರು ಹೇಳುತ್ತಿದ್ದರು. "ಹೆಂಗಸರದ್ದು ಕಮ್ಮಿ ಇದೆ ಸಾರ್. ಬಿಸಿಲು ಇಳಿದ ಮೇಲೆ ಬರಬಹುದು."

ಎದ್ದುಬಿಟ್ಟರೆ? ಎದ್ದುಬಿಟ್ಟರೆ ಶಕೀಲಾ ಬರುತ್ತಾಳೆ, ಮುಖ ತೋರಿಸುತ್ತಾಳೆ, ಆದರೆ ಇವಳಿಗಲ್ಲ. ಹತ್ತು ವರ್ಷದಿಂದ ಒಳಗೆ ಇಟ್ಟುಕೊಂಡ ಆ ಒಂದು ಗಳಿಗೆಯನ್ನು ಕೈಯಾರೆ ಇನ್ನೊಬ್ಬರ ಮುಂದೆ ಇಟ್ಟು ಹೋಗಬೇಕು. ಏಳದಿದ್ದರೆ ಶಕೀಲಾ ಈದ್‌ನ ಬಟ್ಟೆಯಲ್ಲಿ ಸಂಜೆಯವರೆಗೂ ಕೂತು, ಆಮೇಲೆ ಅದನ್ನು ಮಡಿಸಿ ಪೆಟ್ಟಿಗೆಗೆ ಹಾಕುತ್ತಾಳೆ. ಈದ್‌ನ ಬಟ್ಟೆಯನ್ನು ಅವಳು ಮಡಿಸುವ ರೀತಿ ಮುಸರ್ರತ್‌ಗೆ ಗೊತ್ತಿತ್ತು, ನೆರಿಗೆಗೆ ನೆರಿಗೆ ಕೂಡಿಸಿ, ಅಂಗೈಯಿಂದ ಒತ್ತಿ ಒತ್ತಿ.

"ಹೋಗು," ಎಂದಳು ಸನಾಗೆ. "ಪರದೆ ಹಿಂದೆ ಗೌರಿಬಿದನೂರಿನ ಟೀಚರು ಕೂತಿದಾರೆ ಅಂತ ಹೇಳು."

"ಸುಳ್ಳು ಹೇಳಿದ್ರೆ ಅಮ್ಮಿ..."

"ಸುಳ್ಳಲ್ಲ ಕಣೇ. ನೀನು ಮನೆ ಮುಟ್ಟೋ ಹೊತ್ತಿಗೆ ನಿಜ ಆಗಿರುತ್ತೆ. ನಾನು ಹಿಂದುಗಡೆ ಅಡುಗೆ ಮನೆ ಹತ್ರ ಹೋಗಿ ಕೂತ್ಕೊಳ್ತೀನಿ. ತಿರುಗಿಯೂ ನೋಡಲ್ಲ ಅಂತ ಹೇಳು. ಖುದಾನಾಣೆ."

ಸನಾ ಒಂದು ಕ್ಷಣ ಅವಳ ಮುಖವನ್ನೇ ನೋಡಿ, ಚಪ್ಪಲಿ ಬಡಿಯುತ್ತಾ ಓಡಿದಳು.

ಮುಸರ್ರತ್ ಹೊರಗೆ ಬಂದು ಗಣೇಶ್ ಪ್ರಸಾದರ ಮೇಜಿನ ಮುಂದೆ ನಿಂತಳು. "ಸಾರ್, ಸ್ವಲ್ಪ ಹೊತ್ತು ಹೊರಗೆ ಹೋಗಿ ಬರ್ತೀನಿ. ತನುಜ ಮೇಡಂ ನನ್ನ ಜಾಗದಲ್ಲಿ ಕೂತ್ಕೊಳ್ಳಲಿ."

"ಏನಮ್ಮ, ಹುಷಾರಿಲ್ವಾ? ಬೆಳಗಿಂದ ಎದ್ದೇ ಇಲ್ಲ ನೀವು. ಹೋಗಿ, ಮುಖ ತೊಳ್ಕೊಂಡು ಬನ್ನಿ. ಶಾಯಿ ನಾನೇ ಹಾಕ್ತೀನಿ."

"ಅಯ್ಯೋ, ನಂಗೆ ಇಲ್ಲಿ ಒಬ್ಬರ ಮುಖಾನೂ ಗೊತ್ತಿಲ್ವಲ್ಲಮ್ಮ!" ಎಂದರು ತನುಜ.

"ಗೊತ್ತಿರಬೇಕಾಗಿಲ್ಲ ಮೇಡಂ. ಚೀಟಿಯಲ್ಲಿ ಫೋಟೊ ಇರುತ್ತೆ. ನೋಡಿ ಸರಿ ಅಂದ್ರೆ ಆಯ್ತು."

ಹಾಗಂದ ಮೇಲೆ, ಇಷ್ಟು ಸುಲಭದ ಕೆಲಸವೇ ಇದು, ಎಂದು ಅವಳಿಗೇ ಅನ್ನಿಸಿ ಮನಸ್ಸು ಸಪ್ಪಗಾಯಿತು.

ಶಾಲೆಯ ಹಿಂದೆ ಬಿಸಿಯೂಟದ ಅಡುಗೆ ಮನೆ ಬೀಗ ಹಾಕಿಕೊಂಡು ನಿಂತಿತ್ತು. ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಮುಸರ್ರತ್ ಗೋಡೆಗೆ ಮುಖ ಮಾಡಿ ಕೂತಳು. ಅಂಗಳ ಅವಳ ಬೆನ್ನಿಗಿತ್ತು. ಓಟು ಹಾಕಲು ಬರುವವರು ಗೇಟಿನಿಂದ ಕೋಣೆಗೆ ಹೋಗುವ ದಾರಿ ಅವಳಿಂದ ಹತ್ತಾರು ಮಾರು ದೂರವೂ ಇರಲಿಲ್ಲ. ಗೋಡೆಯ ಸುಣ್ಣ ಉದುರಿದ ಕಡೆ ಇರುವೆಗಳ ಸಾಲೊಂದು ಹತ್ತುತ್ತಿತ್ತು. ಗಾಳಿಯಲ್ಲಿ ಎಲ್ಲಿಂದಲೋ ಬೆಂದ ಗೂಡಿನ ವಾಸನೆ ಬಂತು. ಓಟಿನ ದಿನವೂ ಯಾರೋ ಒಲೆ ಆರಿಸಿರಲಿಲ್ಲ.

ಎಷ್ಟೋ ಹೆಜ್ಜೆಗಳು ಬಂದವು, ಹೋದವು. ಯಾರೋ ಮಗುವನ್ನು ಗದರಿದರು. ಪೊಲೀಸಿನವನು ಆಕಳಿಸಿದ. ಆಮೇಲೆ ಒಂದು ಸ್ವರ ಕೇಳಿತು.

"ಸಾಲು ಎಲ್ಲಪ್ಪ? ಹೆಂಗಸರದ್ದು ಈ ಕಡೆನಾ?"

ಸ್ವರ ಸ್ವಲ್ಪ ಒಡೆದಿತ್ತು. ಮೊದಲಿನ ಕಿಣಿಕಿಣಿ ಇರಲಿಲ್ಲ. ಆದರೂ ಅದು ಶಕೀಲಾಳದ್ದೇ. ಮುಸರ್ರತ್‌ಳ ಕತ್ತು ತಾನಾಗಿ ತಿರುಗಲು ಹೋಯಿತು. ಕಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಒಂದು ಸಲ ನೋಡಿದರೆ ಯಾರಿಗೆ ಗೊತ್ತಾಗುತ್ತದೆ? ನಕಾಬಿನಲ್ಲಿರುವ ಬೆನ್ನು ಕಂಡರೆ ಏನು ಸಿಕ್ಕೀತು? ಆದರೂ ನೋಡಬೇಕೆನಿಸಿತು. ಅವಳು ದಪ್ಪಗಾಗಿದ್ದಾಳೋ, ಇಳಿದುಹೋಗಿದ್ದಾಳೋ, ಮಂಡಿನೋವಿಗೆ ಒಂದು ಕಡೆ ವಾಲಿ ನಡೆಯುತ್ತಾಳೋ. ಬೀದಿಯಲ್ಲಿ ಎಷ್ಟೋ ಸಲ ಓರೆಗಣ್ಣಿನಲ್ಲಷ್ಟೇ ಕಂಡವಳನ್ನು ಈಗ ನೋಡಲೇಬಾರದು ಅಂದಾಗ ನೋಡುವ ಆಸೆ ಇನ್ನೂ ಹೆಚ್ಚಿತು. ಆದರೆ ಆಣೆ ಇಟ್ಟಾಗಿತ್ತು. ಅವಳು ಇರುವೆಗಳನ್ನು ನೋಡಿದಳು.

ಕೋಣೆಯ ಕಿಟಕಿ ತೆರೆದಿತ್ತು. ಒಳಗೆ ಮತದಾರರ ಹೆಸರು ಓದುವ ದನಿ ಕೇಳಿತು: ಶಕೀಲಾ ಬಾನು. ಏಜೆಂಟರು ಯಾರೂ ಏನೂ ಅನ್ನಲಿಲ್ಲ. ತನುಜ ಟೀಚರ "ಸರಿ" ಕೇಳಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮುಸರ್ರತ್ ಕಿವಿಯಿಟ್ಟು ಕಾದಳು. ಅಷ್ಟು ಹೊತ್ತು ಯಾಕೆ? ಯಾವ ಗುಂಡಿ ಅಂತ ಹುಡುಕುತ್ತಿದ್ದಾಳಾ? ಕೊನೆಗೆ ಯಂತ್ರ ಉದ್ದಕ್ಕೆ ಕೂಗಿತು.

ಅವಳಿಗೆ ತಿಳಿಯದಂತೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಹೋಗಲಿಲ್ಲ, ನೋಡುವವರು ಯಾರಿದ್ದಾರೆ.

ಅಂಗಳದ ಹೆಜ್ಜೆಗಳು ಗೇಟಿನ ಕಡೆ ಹೋಗಿ ಕರಗಿದ ಮೇಲೆ ಸನಾ ಓಡುತ್ತಾ ಹಿಂದಕ್ಕೆ ಬಂದಳು. "ಖಾಲಾ! ಅಮ್ಮಿ ಹಾಕಿದ್ರು!"

"ಕೇಳಿಸ್ತು ಬೇಟಾ. ಏನಂದ್ಲು?"

ಸನಾಗೆ ನಗು ತಡೆಯಲಾಗಲಿಲ್ಲ. "ಬೈತಾ ಬಂದ್ರು! 'ಆ ಟೀಚರು ನನ್ನ ಮುಖ ನೋಡ್ಲೇ ಇಲ್ಲ ಕಣೇ. ನಾನು ಬಟ್ಟೆ ಎತ್ತಿದೀನಿ, ಅವರು ಚೀಟಿ ನೋಡಿ ಸರಿ ಅಂದ್ಬಿಟ್ರು. ಹಿಂಗಾದ್ರೆ ಯಾರು ಯಾರದ್ದು ಬೇಕಾದ್ರೂ ಹಾಕ್ಬೋದಲ್ಲ' ಅಂತ!"

ಮುಸರ್ರತ್ ನಕ್ಕಳು. ಈ ಸಲ ತುಟಿ ಮಾತ್ರವಲ್ಲ, ಹೊಟ್ಟೆಯೂ ಕುಲುಕಿತು. ಇಬ್ಬರೂ ಆ ಕಟ್ಟೆಯ ಹತ್ತಿರ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಗು ನಿಂತ ಮೇಲೆ ಮುಸರ್ರತ್ ಕೇಳಬಾರದು ಅಂದುಕೊಂಡದ್ದನ್ನು ಕೇಳಿಯೇಬಿಟ್ಟಳು.

"ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?"

ಸನಾ ತಲೆ ತಗ್ಗಿಸಿದಳು. "ಇಲ್ಲ ಖಾಲಾ."

"ಪರವಾಗಿಲ್ಲ. ಹೋಗು, ಬಿಸಿಲಲ್ಲಿ ಅವಳೊಬ್ಬಳೇ ಹೋಗ್ತಿರ್ತಾಳೆ. ಜೊತೆಗೆ ಹೋಗು."

ಮುಸರ್ರತ್ ಕೊಳಾಯಿಯಲ್ಲಿ ಮುಖ ತೊಳೆದುಕೊಂಡು ಒಳಗೆ ಬಂದಳು. ತನುಜ ಎದ್ದು ಸೊಂಟ ಹಿಡಿದುಕೊಂಡರು. "ಬಂದ್ರಾ? ಸದ್ಯ. ಈ ಮೂಲೇಲಿ ಹೆಂಗೆ ಕೂರ್ತೀರೋ ತಾಯಿ, ಒಲೆ ಮುಂದೆ ಕೂತಂಗಿದೆ."

"ಮೇಡಂ, ಈಗ ಸ್ವಲ್ಪ ಹೊತ್ತಿಗೆ ಮುಂಚೆ ಒಬ್ಬರು ಬಂದಿದ್ರಲ್ಲ, ಶಕೀಲಾ ಬಾನು ಅಂತ. ಹೆಂಗಿದ್ರು?"

"ಹೆಂಗಿದ್ರು ಅಂದ್ರೆ?"

"ಮುಖ. ಮುಖ ಹೆಂಗಿತ್ತು?"

ತನುಜ ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟರು. ಹುಬ್ಬು ಗಂಟಿಕ್ಕಿ, ಪರದೆಯ ಹೂವುಗಳನ್ನು ನೋಡಿದರು. "ಗೊತ್ತಿಲ್ವಲ್ಲಮ್ಮ. ಒಬ್ಬರ ಹಿಂದೆ ಒಬ್ಬರು ಬಂದ್ರು. ಎಲ್ಲಾರೂ ಒಂದೇ ಥರ ಕಂಡ್ರು. ಯಾಕೆ, ನಿಮ್ಮ ಕಡೆಯೋರಾ?"

"ನಮ್ಮ ಬೀದಿಯವರು," ಎಂದಳು ಮುಸರ್ರತ್.

ಕುರ್ಚಿ ಇನ್ನೂ ಬೆಚ್ಚಗಿತ್ತು. ಅವಳು ಕೂತಳು. ಬಿಸಿಲು ಇಳಿಯತೊಡಗಿದ್ದರಿಂದ ಸಾಲು ಮತ್ತೆ ಬೆಳೆದಿತ್ತು; ಗಣೇಶ್ ಪ್ರಸಾದ್ ಖುಷಿಯಲ್ಲಿದ್ದರು. ಒಬ್ಬೊಬ್ಬರಾಗಿ ಹೆಂಗಸರು ಒಳಗೆ ಬಂದರು, ಬಟ್ಟೆ ಎತ್ತಿದರು. ಮುಸರ್ರತ್ ಒಂದೊಂದು ಮುಖವನ್ನೂ ಚೆನ್ನಾಗಿ ನೋಡಿ, ಸರಿ ಎಂದಳು. ಇಷ್ಟು ವರ್ಷ ಪರದೆ ಅಲುಗಾಡಿದಾಗಲೆಲ್ಲಾ, ಶಕೀಲಾಳೇ ಇರಬಹುದೇ ಎಂದು ಎದೆ ಒಂದು ಸಲ ಮೇಲೆದ್ದು ಕೂರುತ್ತಿತ್ತು. ಈಗ ಪರದೆ ಅಲುಗಾಡಿತು, ಯಾರೋ ಬಂದರು, ಹೋದರು. ಎದೆ ಸುಮ್ಮನಿತ್ತು. ಬಾಗಿಲು ಹಾಕಲು ಇನ್ನೂ ಹೊತ್ತಿತ್ತು, ಕಾಯುವುದಕ್ಕೆ ಮಾತ್ರ ಯಾರೂ ಉಳಿದಿರಲಿಲ್ಲ.